ಗುರಾಯಿಸಿದಾಗಲೇ ವಿಷಲ್ ಊದಿ: ಕಾಲೇಜು ಬ್ಯಾಸ್ಕೆಟ್‌ಬಾಲ್ ರೆಫರಿಗಳಿಗೊಂದು ಕೈಪಿಡಿ

‘ಗುರಾಯಿಸಿದ್ದಕ್ಕೆ ಹೊಡೆದಾಟ’. ಕನ್ನಡದ ಕ್ರೈಮ್ ಸುದ್ದಿ ಓದುವವರಿಗೆ ಈ ತಲೆಬರಹ ಹೊಸದೇನಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಜಗಳ ಹುಟ್ಟೋದೂ ಹೀಗೇ. ಮೊದಲು ನೋಟ, ಆಮೇಲೆ ಮಾತು, ಅದರ ಹಿಂದೆ ಮೊಣಕೈ, ಕೊನೆಗೆ ಮುಷ್ಟಿ. ರೆಫರಿಯ ವಿಷಲ್ ಮಾತ್ರ ಬಹಳ ಸಲ ಕೇಳಿಸೋದು ಮುಷ್ಟಿ ಎದ್ದ ಮೇಲೆ. ಆ ಹೊತ್ತಿಗೆ ಅವರ ಕೈಯಲ್ಲಿ ಉಳಿದಿರೋದು ಒಂದೇ ಶಿಕ್ಷೆ, ಅದೂ ಎಲ್ಲಕ್ಕಿಂತ ದೊಡ್ಡದು. ಅದನ್ನು ಕೊಟ್ಟರೂ ಗಲಾಟೆ, ಕೊಡದಿದ್ದರೂ ಗಲಾಟೆ.

ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ತಂಡದಲ್ಲಿ ಆಡಿದವನು. ಆಮೇಲೆ ಪತ್ರಕರ್ತನಾಗಿ ಅಂಕಣದ ಗೆರೆಯಾಚೆ ನಿಂತು ನೋಡಿದವನು. ಎರಡೂ ಕಡೆಯಿಂದ ನನಗೆ ಕಂಡಿದ್ದು ಇಷ್ಟು: ಬಿಸಿ ಏರಿದ ಮ್ಯಾಚನ್ನು ಕಾಯೋದು ಚಿಕ್ಕ ಶಿಕ್ಷೆ. ಅದು ಬೇಗ ಬರಬೇಕು, ಎರಡೂ ತಂಡಕ್ಕೆ ಒಂದೇ ಅಳತೆಯಲ್ಲಿ ಬರಬೇಕು. ನಿಯಮ ಪುಸ್ತಕದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ, ಬಳಸುವವರು ಕಡಿಮೆ. ಆಡುವವರು, ಆಡಿಸುವವರು, ನೋಡುವವರು ಮೂವರಿಗೂ ಉಪಯೋಗ ಆಗಲಿ ಅಂತ ಅದನ್ನು ಇಲ್ಲಿ ಒಂದೊಂದಾಗಿ ಬಿಡಿಸಿಡ್ತೀನಿ.

ನಮ್ಮ ಜಿಲ್ಲೆಗಳಲ್ಲಿ ಇದು ಯಾಕೆ ಕಷ್ಟ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವನ್ನೇ ತಗೊಳ್ಳಿ. ಹಾಸನದಿಂದ ಉಳಿದ ಮೂರೂ ಊರಿಗೆ ಬಸ್ಸಲ್ಲಿ ಹೆಚ್ಚೂಕಮ್ಮಿ ಒಂದು ಗಂಟೆ ದಾರಿ. ಇಷ್ಟು ಹತ್ತಿರದ ಊರುಗಳ ಹುಡುಗರು ಪಿಯುಸಿಯಲ್ಲಿ ಎದುರಾಳಿಗಳಾಗಿ, ಡಿಗ್ರಿಯಲ್ಲಿ ಒಂದೇ ತಂಡದಲ್ಲಿ ಆಡೋದು, ಮ್ಯಾಚ್ ಮುಗಿದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಮುಖಾಮುಖಿ ಆಗೋದು ಎಲ್ಲ ಸಹಜ. ಅಂಕಣದಲ್ಲಿ ತೀರದ ಲೆಕ್ಕ ಗೇಟಿನ ಹತ್ತಿರ ತೀರುತ್ತೆ.

ಇನ್ನು ರೆಫರಿ ಯಾರು? ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಬಹಳ ಸಲ ಇನ್ನೊಂದು ಕಾಲೇಜಿನ ಪಿಡಿ ಸಾರ್. ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಇವತ್ತು ಅವರು ಊದುತ್ತಾರೆ, ನಾಳೆ ಅವರ ತಂಡಕ್ಕೆ ಎದುರು ತಂಡದ ಪಿಡಿ ಊದುತ್ತಾರೆ. ಬೆಂಚಿನಲ್ಲಿ ಕೂತವರು ಸ್ನೇಹಿತರು, ಮುಂದಿನ ಸಾಲಿನಲ್ಲಿ ಕೂತವರು ಊರಿನ ಮುಖಂಡರು. ಇಂಥ ಕಡೆ ‘ಹೋಗ್ಲಿ ಬಿಡು, ಹುಡುಗರು’ ಅನ್ನೋದು ತುಂಬಾ ಸುಲಭ. ಆ ಮಾತನ್ನು ಪ್ರತಿ ಸಲ ಯಾರ ಪರವಾಗಿ ಹೇಳ್ತೀವಿ ಅನ್ನೋದರಲ್ಲಿ ರಾಜಕೀಯ ಇದೆ. ಪ್ರಭಾವ ಇರುವ ಮನೆಯ ಹುಡುಗ ಕೂಗಿದರೆ ‘ಆಟದ ಬಿಸಿ’, ಇಲ್ಲದ ಮನೆಯ ಹುಡುಗ ತಿರುಗಿ ಕೂಗಿದರೆ ‘ಅಶಿಸ್ತು’. ಆಟಗಾರರು ಇದನ್ನು ಎರಡೇ ನಿಮಿಷದಲ್ಲಿ ಕಂಡುಹಿಡೀತಾರೆ.

ಚೆಂಡಿಗೊಬ್ಬರು, ಆಟಗಾರರಿಗೊಬ್ಬರು

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದಾಗ ಇದ್ದದ್ದು 13 ನಿಯಮ. ಅದರಲ್ಲಿ ತೀರ್ಪುಗಾರಿಕೆಯನ್ನು ಇಬ್ಬರಿಗೆ ಹಂಚಲಾಗಿತ್ತು. ರೆಫರಿ ಚೆಂಡಿನ ತೀರ್ಪುಗಾರ, ಅಂಪೈರ್ ಆಟಗಾರರ ತೀರ್ಪುಗಾರ. ಗಾಯ ಮಾಡುವ ಉದ್ದೇಶ ಕಂಡರೆ ಆಟಗಾರನನ್ನು ಇಡೀ ಪಂದ್ಯದಿಂದ ಹೊರಗಿಡುವ ಅಧಿಕಾರ ಆಗಲೇ ಇತ್ತು, ಬದಲಿ ಆಟಗಾರನನ್ನು ಇಳಿಸುವಂತೆಯೂ ಇರಲಿಲ್ಲ. ಮನುಷ್ಯರ ಮೇಲೆ ಕಣ್ಣಿಡೋದು ಒಂದು ಪೂರ್ತಿ ಕೆಲಸ ಅಂತ ನೈಸ್ಮಿತ್‌ಗೆ ಗೊತ್ತಿತ್ತು.

ಈಗಿನ ಫಿಬಾ ನಿಯಮದಲ್ಲಿ ಒಬ್ಬ ಕ್ರೂ ಚೀಫ್, ಜೊತೆಗೆ ಒಬ್ಬರು ಅಥವಾ ಇಬ್ಬರು ಅಂಪೈರ್ ಇರ್ತಾರೆ. ಎರಡೂ ಕೆಲಸ ಎಲ್ಲರದ್ದೂ. ಆದರೆ ನಮ್ಮ ಕಾಲೇಜು ಮ್ಯಾಚುಗಳಲ್ಲಿ ಇಬ್ಬರೂ ಚೆಂಡಿನ ಹಿಂದೆಯೇ ಓಡ್ತಾರೆ. ಚೆಂಡು ಆ ತುದಿಗೆ ಹೋದಾಗ ಈ ತುದಿಯಲ್ಲಿ ಒಬ್ಬ ಇನ್ನೊಬ್ಬನ ಭುಜಕ್ಕೆ ಭುಜ ಕೊಟ್ಟು ಏನಂದ ಅನ್ನೋದು ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಮ್ಯಾಚಿಗೆ ಮುಂಚೆ ಇಬ್ಬರು ರೆಫರಿಗಳು ಮಾಡಿಕೊಳ್ಳಬೇಕಾದ ಮೊದಲ ಒಪ್ಪಂದ ಇದು: ಬಾಸ್ಕೆಟ್ ಬಿದ್ದ ಮೇಲೆ, ವಿಷಲ್ ಊದಿದ ಮೇಲೆ, ಚೆಂಡು ಸತ್ತ ಆ ನಾಲ್ಕೈದು ಸೆಕೆಂಡು ಒಬ್ಬರು ಆಟಗಾರರ ಮುಖವನ್ನೇ ನೋಡ್ತಾ ಇರಬೇಕು. ಮಾತು ಶುರುವಾಗೋದು ಆವಾಗಲೇ.

ಶಿಕ್ಷೆಯ ಏಣಿ

ಎಲ್ಲ ಆಟದಲ್ಲೂ ಒಂದು ಏಣಿ ಇದೆ. ಕಬಡ್ಡಿಯಲ್ಲಿ ಹಸಿರು ಕಾರ್ಡು ಎಚ್ಚರಿಕೆ, ಹಳದಿ ಕಂಡರೆ ಎರಡು ನಿಮಿಷ ಹೊರಗೆ, ಕೆಂಪು ಕಂಡರೆ ಆಟ ಮುಗಿದ ಹಾಗೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾರ್ಡ್ ಇಲ್ಲದ ಕಾರಣ ಏಣಿ ಕಣ್ಣಿಗೆ ಕಾಣಲ್ಲ ಅಷ್ಟೇ. ಫಿಬಾ ಪ್ರಕಾರ ಅದು ಹೀಗಿದೆ:

ಒಂದು, ಎಚ್ಚರಿಕೆ. ಉದ್ದೇಶ ಇಲ್ಲದ, ಆಟದ ಮೇಲೆ ನೇರ ಪರಿಣಾಮ ಬೀರದ ಸಣ್ಣ ತಪ್ಪನ್ನು ರೆಫರಿ ಎಚ್ಚರಿಸಿ ಬಿಡಬಹುದು, ಕಂಡೂ ಕಾಣದ ಹಾಗೆ ಇರಲೂಬಹುದು. ಎಚ್ಚರಿಕೆ ಕೊಟ್ಟ ಮೇಲೆ ಅದೇ ತಪ್ಪು ಮರುಕಳಿಸಿದರೆ ಆ ರಿಯಾಯಿತಿ ಮುಗಿಯಿತು.

ಎರಡು, ಟೆಕ್ನಿಕಲ್ ಫೌಲ್. ಮೈ ತಾಗದ ವರ್ತನೆಗೆ ಇದು. ರೆಫರಿಗೋ ಎದುರಾಳಿಗೋ ಅಗೌರವ ತೋರುವುದು, ಎದುರಾಳಿಯನ್ನು ಕೆಣಕುವುದು, ಪ್ರೇಕ್ಷಕರನ್ನು ಕೆರಳಿಸುವ ಮಾತು ಅಥವಾ ಸನ್ನೆ, ಕಣ್ಣಿಗೆ ಅಡ್ಡ ಕೈ ಆಡಿಸುವುದು, ಬೇಕಂತ ಆಟ ತಡಮಾಡುವುದು, ಫೌಲ್ ಆಗದೆ ಬಿದ್ದು ನಾಟಕ ಆಡುವುದು ಎಲ್ಲ ಇದರಲ್ಲಿ ಬರುತ್ತೆ. ಶಿಕ್ಷೆ ಎದುರು ತಂಡಕ್ಕೆ ಒಂದು ಫ್ರೀ ಥ್ರೋ, ಕೂಡಲೇ. ಆಮೇಲೆ ಆಟ ನಿಂತಲ್ಲಿಂದಲೇ ಶುರು. ಆಟಗಾರನ ಲೆಕ್ಕಕ್ಕೂ ತಂಡದ ಫೌಲ್ ಲೆಕ್ಕಕ್ಕೂ ಒಂದೊಂದು ಸೇರುತ್ತೆ.

ಮೂರು, ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್. ಹೆಸರು ಕೇಳಿ ಇದು ಬೈಗುಳಕ್ಕೆ ಕೊಡುವ ಫೌಲ್ ಅಂದುಕೊಂಡವರು ತುಂಬಾ ಜನ. ಅಲ್ಲ. ಇದು ಮೈ ತಾಗಿದ ಫೌಲ್‌ಗೆ. ಚೆಂಡಿಗಾಗಿ ನ್ಯಾಯವಾದ ಪ್ರಯತ್ನ ಇಲ್ಲದೆ ಹಿಡಿದಾಗ ಅಥವಾ ಬಲ ಮಿತಿಮೀರಿದಾಗ. ಸಾಮಾನ್ಯವಾಗಿ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ.

ನಾಲ್ಕು, ಡಿಸ್‌ಕ್ವಾಲಿಫೈಯಿಂಗ್ ಫೌಲ್. ಎದ್ದು ಕಾಣುವಷ್ಟು ಕೆಟ್ಟ ವರ್ತನೆಗೆ. ಆಟಗಾರ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು ಅಥವಾ ಕಟ್ಟಡ ಬಿಟ್ಟು ಹೊರಡಬೇಕು. ಬೆಂಚಿನ ಹಿಂದೆ ನಿಂತು ಕೂಗುವ ಹಾಗಿಲ್ಲ.

ಇವುಗಳ ನಡುವೆ ಒಂದು ಕೊಂಡಿ ಇದೆ. ಎರಡು ಟೆಕ್ನಿಕಲ್ ಆದರೂ, ಎರಡು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಆದರೂ, ಒಂದೊಂದು ಆದರೂ ಆಟಗಾರ ಹೊರಗೆ. ಮೊದಲ ಟೆಕ್ನಿಕಲ್‌ಗೆ ನಿಜವಾದ ತೂಕ ಬರೋದು ಇಲ್ಲಿ. ಕಳೆದುಕೊಳ್ಳೋದು ಒಂದು ಅಂಕ ಇರಬಹುದು, ಆದರೆ ಆ ಹುಡುಗ ಉಳಿದ ಮ್ಯಾಚೆಲ್ಲ ಅಂಚಿನಲ್ಲಿ ನಿಂತು ಆಡಬೇಕು.

ತಡವಾದ ವಿಷಲ್‌ನ ಬೆಲೆ

ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇರುತ್ತೆ. ಅದರಿಂದ ನನಗಿನ್ನೂ ನೆನಪಿರೋದು ಒಂದು ಸಂಗತಿ: ತಪ್ಪು ಕಂಡ ತಕ್ಷಣ ಚಿಕ್ಕ ತಿದ್ದುಪಡಿ ಕೊಟ್ಟರೆ ವ್ಯವಸ್ಥೆ ಶಾಂತವಾಗುತ್ತೆ. ತಡಮಾಡಿ ದೊಡ್ಡ ತಿದ್ದುಪಡಿ ಕೊಟ್ಟರೆ ಆ ಕಡೆ ಈ ಕಡೆ ಓಲಾಡೋಕೆ ಶುರುವಾಗುತ್ತೆ. ಅಂಕಣದಲ್ಲೂ ಅಷ್ಟೇ. ಮೊದಲ ಕ್ವಾರ್ಟರಿನಲ್ಲಿ ಬಿಟ್ಟ ಬೈಗುಳಕ್ಕೆ ನಾಲ್ಕನೇ ಕ್ವಾರ್ಟರಿನಲ್ಲಿ ಟೆಕ್ನಿಕಲ್ ಕೊಟ್ಟರೆ ಆ ತಂಡ ಕೇಳುತ್ತೆ: ‘ಸಾರ್, ಅವರಂದಾಗ ಎಲ್ಲಿದ್ರಿ?’ ಅದು ನ್ಯಾಯವಾದ ಪ್ರಶ್ನೆಯೇ.

ಕಾಲೇಜು ಆಟದ ಜಗತ್ತಿನಿಂದಲೇ ಒಂದು ಉದಾಹರಣೆ. 2011ರ ಡಿಸೆಂಬರ್ 10ರಂದು ಅಮೆರಿಕದ ಸಿನ್ಸಿನಾಟಿ ನಗರದ ಎರಡು ವಿಶ್ವವಿದ್ಯಾಲಯಗಳು, ಕ್ಸೇವಿಯರ್ ಮತ್ತು ಸಿನ್ಸಿನಾಟಿ, ಎದುರಾದವು. ಕ್ಸೇವಿಯರ್ 76–53ರಿಂದ ಮುಂದಿತ್ತು. ಗೆಲುವು ಸೋಲು ಯಾವಾಗಲೋ ತೀರ್ಮಾನ ಆಗಿತ್ತು. ಕೊನೆಗಳಿಗೆಯಲ್ಲಿ ಎದುರು ಬೆಂಚಿನತ್ತ ಹೋದ ಕೆಣಕು ಮಾತು ಹೊಡೆದಾಟಕ್ಕೆ ತಿರುಗಿ, 9.4 ಸೆಕೆಂಡ್ ಬಾಕಿ ಇರುವಾಗಲೇ ಮ್ಯಾಚ್ ಮುಗಿಸಬೇಕಾಯಿತು. ಎರಡೂ ಕಡೆಯಿಂದ ನಾಲ್ವರಂತೆ 8 ಆಟಗಾರರು ಅಮಾನತಾದರು. ಒಂದೇ ಊರು, ಹಳೇ ಹಗೆ, ಪರಿಚಿತ ಮುಖಗಳು. ನಮಗೆ ಗೊತ್ತಿಲ್ಲದ ಕಥೆಯೇನಲ್ಲ ಇದು. ಅಂಕದ ಅಂತರ 20 ದಾಟಿದ ಮೇಲೆ ರೆಫರಿಗಳು ಮೈಮರೀತಾರೆ, ಆದರೆ ಅವಮಾನ ಹೆಚ್ಚು ಚುಚ್ಚೋದೇ ಆವಾಗ.

ಭಾರ ಶಿಕ್ಷೆ ನಿಲ್ಲೋದಿಲ್ಲ

ಒಂದು ಕಾಲದಲ್ಲಿ ಫಿಬಾದಲ್ಲಿ ಟೆಕ್ನಿಕಲ್ ಫೌಲ್‌ಗೆ ಎರಡು ಫ್ರೀ ಥ್ರೋ ಜೊತೆ ಚೆಂಡೂ ಹೋಗುತ್ತಿತ್ತು. ಈಗ ಒಂದೇ ಫ್ರೀ ಥ್ರೋ. ಶಿಕ್ಷೆ ಹಗುರ ಮಾಡಿದರೆ ಶಿಸ್ತು ಸಡಿಲ ಆಗಲ್ವಾ ಅಂತ ಕೇಳಬಹುದು. ನನ್ನ ಓದಿನಲ್ಲಿ ಇದು ಉಲ್ಟಾ. ಭಾರವಾದ ಶಿಕ್ಷೆ ಕೊಡೋಕೆ ಕೈ ನಡುಗುತ್ತೆ, ಕೊಟ್ಟ ಮೇಲೆ ವಾಪಸ್ ತಗೊಳ್ಳೋ ಒತ್ತಡ ಬರುತ್ತೆ.

ವಿಧಾನಸಭೆಯನ್ನೇ ನೋಡಿ. 2025ರ ಮಾರ್ಚ್ 21ರಂದು ಸ್ಪೀಕರ್ ಯು.ಟಿ. ಖಾದರ್ ಅವರ ಪೀಠಕ್ಕೆ ಹತ್ತಿ ಕಾಗದ ಎಸೆದ ಗದ್ದಲದ ನಂತರ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಮೇ 25ರಂದು ಅಮಾನತು ರದ್ದಾಯಿತು. ಅಂದರೆ ಆರು ತಿಂಗಳ ಶಿಕ್ಷೆ ಸುಮಾರು ಎರಡು ತಿಂಗಳಿಗೆ ಮುಗಿಯಿತು. ಯಾರ ಪಕ್ಷ ಸರಿ ಅನ್ನೋದು ಬೇರೆ ಚರ್ಚೆ. ಪೀಠದಲ್ಲಿ ಕೂತವರಿಗೆ ಇಲ್ಲಿರುವ ಪಾಠ ಒಂದೇ: ಕೊನೆತನಕ ಜಾರಿ ಮಾಡಲು ಆಗುವಷ್ಟೇ ಶಿಕ್ಷೆ ಕೊಡಿ, ಅದನ್ನು ಪೀಠದ ಹತ್ತಿರ ಬರುವ ಮುಂಚೆಯೇ ಕೊಡಿ.

ಕೊಡೋದು ಹೇಗೆ?

ಎಚ್ಚರಿಕೆ ಕೊಡುವಾಗ ಮಾತು ಚಿಕ್ಕದಿರಲಿ, ಅವನಿಗೆ ಮಾತ್ರ ಕೇಳಿಸಲಿ. ‘ನೋಡಪ್ಪಾ ಏಳು ನಂಬರ್, ಒಂದ್ಸಲ ಹೇಳಿದೀನಿ. ಇನ್ನೊಂದ್ಸಲ ಆದ್ರೆ ಟೆಕ್ನಿಕಲ್.’ ಇಷ್ಟು ಸಾಕು. ಮುಂದಿನ ಸಲ ಚೆಂಡು ಸತ್ತಾಗ ಎರಡೂ ಕ್ಯಾಪ್ಟನ್‌ಗಳನ್ನು ಕರೆದು ಅದೇ ಮಾತನ್ನು ಇಬ್ಬರಿಗೂ ಹೇಳಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಮುಂದೆ ಅದು ಪಕ್ಷಪಾತದ ಹಾಗೆ ಕಾಣುತ್ತೆ.

ಟೆಕ್ನಿಕಲ್ ಕೊಟ್ಟ ಮೇಲೆ ಭಾಷಣ ಬೇಡ. ಸಿಗ್ನಲ್ ತೋರಿಸಿ, ಟೇಬಲ್‌ಗೆ ನಂಬರ್ ಹೇಳಿ, ಎರಡು ಹೆಜ್ಜೆ ದೂರ ಸರಿಯಿರಿ. ಮುಖಕ್ಕೆ ಮುಖ ಕೊಟ್ಟು ನಿಂತರೆ ರೆಫರಿಯೂ ಗುರಾಯಿಸಿದ ಹಾಗೇ. ಅವನು ಬೆನ್ನ ಹಿಂದೆ ಗೊಣಗಿದರೆ ಗೊಣಗಲಿ. ಇನ್ನೊಬ್ಬ ರೆಫರಿ ಮಧ್ಯೆ ಬಂದು ನಿಲ್ಲಲಿ. ಸ್ವಂತ ಸಿಟ್ಟಿಗೆ ಎರಡನೇ ಟೆಕ್ನಿಕಲ್ ಕೊಡುವ ರೆಫರಿ ಮೊದಲನೆಯದರ ಬೆಲೆಯನ್ನೂ ಕಳೀತಾರೆ.

ಹಾಗೇ ಯಾವುದಕ್ಕೆ ಕೊಡಬಾರದು ಅನ್ನೋದೂ ಗೊತ್ತಿರಲಿ. ಬಾಸ್ಕೆಟ್ ಹಾಕಿ ಎದೆ ತಟ್ಟಿಕೊಂಡ, ತಾನೇ ಚೆಂಡು ಬಿಟ್ಟು ತನ್ನ ತಲೆಗೇ ಹೊಡೆದುಕೊಂಡ, ಕ್ಯಾಪ್ಟನ್ ಬಂದು ‘ಸಾರ್, ಅದು ಯಾವ ಫೌಲ್?’ ಅಂತ ವಿನಯವಾಗಿ ಕೇಳಿದ. ಇದೆಲ್ಲ ಆಟ. ಗಡಿಯಾರ ನಿಂತು ಚೆಂಡು ಸತ್ತಾಗ ಮಾಹಿತಿ ಕೇಳುವ ಹಕ್ಕು ಕ್ಯಾಪ್ಟನ್‌ಗೆ ನಿಯಮದಲ್ಲೇ ಇದೆ. ಬಿಸಿ ತೆಗೆದರೆ ನೋಡೋಕೆ ಏನುಳಿಯುತ್ತೆ ಅನ್ನುವವರ ಮಾತನ್ನು ನಾನು ಒಪ್ಪುತ್ತೀನಿ. ಎದುರಾಳಿಯ ಕಡೆ ತಿರುಗದ ಬಿಸಿ ಎಷ್ಟಾದರೂ ಇರಲಿ.

ಎಚ್ಚರಿಕೆ ಇಲ್ಲದ ಮಾತುಗಳು

ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು ಅಂತ ನಿಯಮವೇನಿಲ್ಲ. ಕೆಲವಕ್ಕೆ ನೇರ ನಾಲ್ಕನೇ ಮೆಟ್ಟಿಲು.

ಮೊದಲನೆಯದು ಜಾತಿ ಹಿಡಿದು ಬೈಯುವುದು. ಇದನ್ನು ‘ಕೆಣಕು’ ಅಂತ ಟೆಕ್ನಿಕಲ್‌ಗೆ ಮುಗಿಸುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989ರ ಸೆಕ್ಷನ್ 3(1)ರ ಆರ್ ಮತ್ತು ಎಸ್ ಉಪವಿಧಿಗಳ ಪ್ರಕಾರ, ಈ ಸಮುದಾಯದವರನ್ನು ಸಾರ್ವಜನಿಕರ ಕಣ್ಣೆದುರು ಬೇಕಂತಲೇ ಅವಮಾನಿಸುವುದು, ಜಾತಿ ಹೆಸರಿನಲ್ಲಿ ನಿಂದಿಸುವುದು ಅಪರಾಧ. ಅಂಕಣಕ್ಕಿಂತ ಸಾರ್ವಜನಿಕ ಜಾಗ ಯಾವುದಿದೆ? ಕೇಳಿಸಿಕೊಂಡ ರೆಫರಿ ಅಲ್ಲೇ ಡಿಸ್‌ಕ್ವಾಲಿಫೈ ಮಾಡಬೇಕು, ಆಡಿದ ಮಾತನ್ನು ಇದ್ದ ಹಾಗೇ ಬರೆದಿಡಬೇಕು. ರೆಫರಿ ಸುಮ್ಮನಿದ್ದರೆ ಬೈಸಿಕೊಂಡ ಹುಡುಗನಿಗೆ ಎರಡೇ ದಾರಿ ಉಳಿಯುತ್ತೆ. ನುಂಗಿಕೊಳ್ಳಬೇಕು, ಇಲ್ಲ ಹೊಡೀಬೇಕು. ಹೊಡೆದರೆ ಹೊರಗೆ ಹೋಗೋದು ಅವನು.

ಎರಡನೆಯದು ಹೆಣ್ಣುಮಕ್ಕಳ ಮ್ಯಾಚಿನಲ್ಲಿ ಮೈ, ಬಟ್ಟೆ ಕುರಿತ ಕೂಗು. ಇದು ಹೆಚ್ಚಾಗಿ ಬರೋದು ಪ್ರೇಕ್ಷಕರಿಂದ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ಕೆಲಸದ ಸ್ಥಳ’ದ ವ್ಯಾಖ್ಯೆಯಲ್ಲಿ ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗವನ್ನೂ ಸೇರಿಸಿದೆ. ಯುಜಿಸಿಯ 2015ರ ನಿಯಮಾವಳಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು ಅನ್ನುತ್ತೆ, ಅದರ ರಕ್ಷಣೆ ವಿದ್ಯಾರ್ಥಿನಿಯರಿಗೂ ಇದೆ. ಪರಿಸ್ಥಿತಿ ಬೇಡಿದರೆ ಆಟ ನಿಲ್ಲಿಸುವ ಅಧಿಕಾರ ಕ್ರೂ ಚೀಫ್‌ಗೆ ಇದೆ. ಬಳಸಿ. ‘ಆ ಮೂಲೆಯಲ್ಲಿ ಕೂಗ್ತಿರೋರನ್ನು ಹೊರಗೆ ಕಳಿಸಿ, ಆಮೇಲೆ ಆಡಿಸ್ತೀನಿ’ ಅಂತ ಸಂಘಟಕರಿಗೆ ಹೇಳಿ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಿ. ಹತ್ತು ನಿಮಿಷ ತಡವಾದರೆ ಆಗಲಿ.

ಬೆಂಚು, ಕೋಚು, ಹೊಡೆದಾಟ

ಹುಡುಗರ ಬಾಯಿಗೆ ಬೀಗ ಹಾಕೋದು ಬೆಂಚಿನಿಂದ ಶುರುವಾಗಬೇಕು. ಕೋಚ್ ಸ್ವತಃ ಕೆಟ್ಟದಾಗಿ ನಡೆದುಕೊಂಡು ಎರಡು ಟೆಕ್ನಿಕಲ್ ತಗೊಂಡರೆ ಹೊರಗೆ. ಬೆಂಚಿನಲ್ಲಿರುವವರ ತಪ್ಪೂ ಕೋಚ್ ಹೆಸರಿಗೇ ಬರುತ್ತೆ, ಎಲ್ಲ ಸೇರಿ ಮೂರಾದರೆ ಆಗಲೂ ಹೊರಗೆ. ಪರಿಚಯದ ಪಿಡಿ ಸಾರ್‌ಗೆ ಮೊದಲ ಟೆಕ್ನಿಕಲ್ ಕೊಡೋದು ನಮ್ಮ ಕಡೆ ರೆಫರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಅದನ್ನು ಕೊಟ್ಟ ದಿನ ಹುಡುಗರು ತಾವಾಗೇ ತಣ್ಣಗಾಗ್ತಾರೆ.

ಇಷ್ಟಾದರೂ ಕೈ ಎದ್ದರೆ? ಹೊಡೆದಾಟ ನಡೆಯುವಾಗ ಬೆಂಚಿನ ಜಾಗ ಬಿಟ್ಟು ಒಳಗೆ ಬಂದ ಆಟಗಾರರೆಲ್ಲ ಡಿಸ್‌ಕ್ವಾಲಿಫೈ ಆಗ್ತಾರೆ, ಹೊಡೆದಿರಲಿ ಬಿಡಲಿ. ಕೋಚ್ ಮತ್ತು ಮೊದಲ ಸಹಾಯಕ ಕೋಚ್ ಮಾತ್ರ ಬರಬಹುದು, ಅದೂ ಜಗಳ ಬಿಡಿಸೋಕೆ. ‘ಬಿಡಿಸೋಕೆ ಬಂದೆ ಸಾರ್’ ಅನ್ನುವ ಸಬ್‌ಸ್ಟಿಟ್ಯೂಟ್ ಆಟಗಾರನಿಗೂ ವಿನಾಯಿತಿ ಇಲ್ಲ. 2018ರ ಜುಲೈ 2ರಂದು ಫಿಲಿಪ್ಪೀನ್ಸ್ ಮತ್ತು ಆಸ್ಟ್ರೇಲಿಯಾ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಹೀಗೇ ಬೆಂಚು ಖಾಲಿಯಾಗಿ 13 ಆಟಗಾರರು ಹೊರಬಿದ್ದರು. ಈ ನಿಯಮವನ್ನು ಟಾಸ್‌ಗೂ ಮೊದಲು ಎರಡೂ ಬೆಂಚಿಗೆ ಜೋರಾಗಿ ಹೇಳಿಬಿಡಿ. ಗೊತ್ತಿಲ್ಲದೆ ಒಳಗೆ ಓಡುವವರೇ ಜಾಸ್ತಿ.

ರೆಫರಿ ಮಧ್ಯೆ ನುಗ್ಗಿ ಹಿಡಿದೆಳೆಯೋ ಕೆಲಸಕ್ಕೆ ಹೋಗಬಾರದು. ಒಬ್ಬರು ಜೋರಾಗಿ ವಿಷಲ್ ಊದುತ್ತಾ ಹತ್ತಿರ ಇರಲಿ, ಇನ್ನೊಬ್ಬರು ಹಿಂದೆ ಸರಿದು ಯಾರು ಮೊದಲು ಹೊಡೆದರು, ಯಾವ ಬೆಂಚಿನಿಂದ ಯಾವ ನಂಬರ್ ಬಂತು ಅಂತ ಗುರುತಿಟ್ಟುಕೊಳ್ಳಲಿ. ಎರಡನೇ ಏಟು ಎಲ್ಲರಿಗೂ ಕಾಣುತ್ತೆ, ಮೊದಲನೇ ಏಟನ್ನು ನೋಡಿದವರು ಬೇಕು.

ಬರೆದಿಡದ ಶಿಕ್ಷೆ ಗಾಳಿಗೆ

ಡಿಸ್‌ಕ್ವಾಲಿಫೈ ಮಾಡಿದ್ದನ್ನೂ ಮ್ಯಾಚಿನ ಮುಂಚೆ, ನಂತರ ನಡೆದ ಕೆಟ್ಟ ವರ್ತನೆಯನ್ನೂ ಕ್ರೂ ಚೀಫ್ ವರದಿ ಮಾಡಬೇಕು. ತಕರಾರು ಇರುವ ತಂಡದ ಕ್ಯಾಪ್ಟನ್ ಮ್ಯಾಚ್ ಮುಗಿದ 15 ನಿಮಿಷದೊಳಗೆ ಕ್ರೂ ಚೀಫ್‌ಗೆ ತಿಳಿಸಿ ಸ್ಕೋರ್‌ಶೀಟ್‌ನಲ್ಲಿ ಸಹಿ ಹಾಕಬಹುದು. ಈ ದಾರಿ ಹುಡುಗರಿಗೆ ಗೊತ್ತಿದ್ದರೆ ಗೇಟಿನ ದಾರಿ ಹಿಡಿಯುವವರು ಕಡಿಮೆಯಾಗ್ತಾರೆ.

ವರದಿ ಯಾರಿಗೆ ಹೋಗಬೇಕು ಅನ್ನೋದು ಹಾಸನ ಜಿಲ್ಲೆಯಲ್ಲಿ ಸ್ವಲ್ಪ ಗೋಜಲು. ಪಿಯು ಕಾಲೇಜಿನ ಕ್ರೀಡಾಕೂಟ ಶಾಲಾ ಶಿಕ್ಷಣ ಇಲಾಖೆಯ ಪದವಿಪೂರ್ವ ವಿಭಾಗದ್ದು. ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಅಡಿಯಲ್ಲಿವೆ. ಡಿಗ್ರಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು. ಊರಿನ ಸಂಘವೋ ಮುಖಂಡರೋ ನಡೆಸುವ ಟ್ರೋಫಿಯಾದರೆ ಯಾರ ಅಡಿಯಲ್ಲೂ ಇಲ್ಲ. ಒಂದು ಕಡೆ ಹೊರಬಿದ್ದವನು ಮುಂದಿನ ವಾರ ಇನ್ನೊಂದು ಕಡೆ ಆಡಬಹುದು. ಜಿಲ್ಲೆಯ ಪಿಡಿಗಳೆಲ್ಲ ಸೇರಿ ಒಂದು ಹಾಳೆಯ ಒಪ್ಪಂದ ಮಾಡಿಕೊಂಡರೆ ಸಾಕು: ಡಿಸ್‌ಕ್ವಾಲಿಫೈ ಆದವನ ವರದಿ ಎಲ್ಲ ಕಾಲೇಜಿಗೂ ಹೋಗಬೇಕು, ಅವನು ಮುಂದಿನ ಒಂದು ಮ್ಯಾಚ್ ಎಲ್ಲೂ ಆಡಬಾರದು. ಇದಕ್ಕೆ ಸರ್ಕಾರದ ಸುತ್ತೋಲೆಗೆ ಕಾಯಬೇಕಿಲ್ಲ.

ಯಾಕೆ ಇಷ್ಟೆಲ್ಲ ಅಂದರೆ, ಗೇಟಿನ ಹತ್ತಿರ ನಡೆಯುವ ಹೊಡೆದಾಟಕ್ಕೆ ಫ್ರೀ ಥ್ರೋ ಇರಲ್ಲ. ಅಲ್ಲಿ ಇರೋದು ಭಾರತೀಯ ನ್ಯಾಯ ಸಂಹಿತೆಯ 115(2), ಗಾಯ ಮಾಡಿದ್ದಕ್ಕೆ. 352, ಶಾಂತಿ ಕದಡುವಂತೆ ಬೇಕಂತ ಅವಮಾನಿಸಿದ್ದಕ್ಕೆ. ಹತ್ತೊಂಬತ್ತು ವರ್ಷದ ಹುಡುಗನ ಹೆಸರು ಒಂದು ಎಫ್‌ಐಆರ್‌ನಲ್ಲಿ ಬಂದರೆ ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆ, ಪಾಸ್‌ಪೋರ್ಟ್ ಎರಡರಲ್ಲೂ ಅದು ಎದುರಿಗೆ ಬಂದು ನಿಲ್ಲುತ್ತೆ. ಮೊದಲ ಕ್ವಾರ್ಟರಿನಲ್ಲಿ ಅವನಿಗೆ ಒಂದು ಟೆಕ್ನಿಕಲ್ ಕೊಟ್ಟ ಪಿಡಿ ಸಾರ್ ಮೇಲೆ ಅವನು ಅವತ್ತು ಸಿಟ್ಟಾಗಬಹುದು. ಆಗಲಿ ಬಿಡಿ.